ಹೊಗೆಸೊಪ್ಪಿನ ಸೀಮೆಯ ಹೃದಯ

2025ರ ಜುಲೈ ತಿಂಗಳಲ್ಲಿ ಮೈಸೂರಿನ ಕೆಆರ್‌ಎಸ್ ರಸ್ತೆಯ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲುಗಟ್ಟಿ ನಿಲ್ಲತೊಡಗಿದರು. ಪಕ್ಕದ ಹಾಸನ ಜಿಲ್ಲೆಯಲ್ಲಿ ಸುಮಾರು ನಲವತ್ತು ದಿನಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಹಠಾತ್ತನೆ ತೀರಿಕೊಂಡಿದ್ದರು. ಅವರಲ್ಲಿ ಹಲವರು ನಡುವಯಸ್ಸನ್ನೂ ಮುಟ್ಟದವರು. ಟಿ.ವಿ.ಯಲ್ಲಿ ಹಗಲೂ ರಾತ್ರಿ ಅದೇ ಸುದ್ದಿ. ಯಾವ ನೋವೂ ಇಲ್ಲದವರು ಕೂಡ ಇಸಿಜಿ ಮಾಡಿಸಿಕೊಳ್ಳಲು ಬಸ್ಸು ಹತ್ತಿದರು. ಸರ್ಕಾರ ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿಯೊಂದನ್ನು ನೇಮಿಸಿತು. ಸಮಿತಿ 24 ಸಾವುಗಳನ್ನು ಪರಿಶೀಲಿಸಿ, 20ಕ್ಕೆ ಹೃದಯದ ತೊಂದರೆ ಕಾರಣವೆಂದೂ ಉಳಿದ ನಾಲ್ಕು ಬೇರೆ ಕಾರಣದವೆಂದೂ ಹೇಳಿತು. ಹೊಸ ರೋಗ ಯಾವುದೂ ಕಾಣಲಿಲ್ಲ, ಕೋವಿಡ್ ಲಸಿಕೆಯ ನಂಟೂ ಕಾಣಲಿಲ್ಲ. ಕಂಡದ್ದು ಹಳೆಯ ಪರಿಚಿತರೇ: ತಂಬಾಕು, ಮದ್ಯ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೊಜ್ಜು. ಹಾಸನದಲ್ಲಿ ಹೃದಯದ ಸಾವು ಹಿಂದಿಗಿಂತ ಹೆಚ್ಚಾಗಿಲ್ಲ ಎಂದು ವರದಿ ತೀರ್ಮಾನಿಸಿತು.

ಆಮೇಲೆ ಸಾಲು ಕರಗಿತು. ಆದರೆ ‘ಹೆಚ್ಚಾಗಿಲ್ಲ’ ಎಂಬುದನ್ನು ಎಲ್ಲರೂ ಸಮಾಧಾನದ ಮಾತೆಂದು ಓದಿಕೊಂಡದ್ದು ಸರಿಯಲ್ಲ. ಒಂದು ಜಿಲ್ಲೆಯಲ್ಲಿ ಅಷ್ಟು ದಿನಕ್ಕೆ ಅಷ್ಟು ಜನ ಹೀಗೆ ಹೋಗುವುದು ಮಾಮೂಲಿ ಎನ್ನುವುದೇ ಆ ವರದಿಯೊಳಗಿನ ದೊಡ್ಡ ಸುದ್ದಿ. 1990ರಲ್ಲಿ ಭಾರತದ ಒಟ್ಟು ಸಾವುಗಳಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಗಳ ಪಾಲು ಶೇ 15.2 ಇತ್ತು, 2016ಕ್ಕೆ ಅದು ಶೇ 28.1 ಆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಜಗತ್ತಿನಾದ್ಯಂತ ಈ ಕಾಯಿಲೆಗಳಿಂದ ಸತ್ತವರು 1.79 ಕೋಟಿ. ಅವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ಹೃದಯಾಘಾತ ಕೂತು ಉಣ್ಣುವ ಶ್ರೀಮಂತರ ಕಾಯಿಲೆ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. ಲೆಕ್ಕ ಮಾತ್ರ ಎಂದೋ ಬದಲಾಗಿದೆ.

ಬದಲಾದದ್ದು ಹೇಗೆ ಎಂದು ನೋಡಲು ಹಾಸನದ ಗಡಿಗೆ ತಾಗಿದ ಪಿರಿಯಾಪಟ್ಟಣ ಮತ್ತು ಕೆ.ಆರ್. ನಗರ, ಅವುಗಳ ಕೆಳಗಿನ ಹುಣಸೂರು, ಇನ್ನೂ ಕೆಳಗೆ ಕಬಿನಿ ಮತ್ತು ಕಾಡಿನ ಮಗ್ಗುಲಿನ ಎಚ್.ಡಿ. ಕೋಟೆ ಸಾಕು. (ಸಾಲಿಗ್ರಾಮ, ಸರಗೂರು ಈಗ ಬೇರೆ ತಾಲ್ಲೂಕುಗಳಾಗಿವೆ, ಬದುಕು ಬೇರೆಯಾಗಿಲ್ಲ.) ಒಂದು ಬಡ ಪ್ರದೇಶದಲ್ಲಿ ಹೃದಯಕ್ಕೆ ಬರಬಹುದಾದ ಅಪಾಯಗಳೆಲ್ಲ ಈ ನಾಲ್ಕು ತಾಲ್ಲೂಕುಗಳ ಎಲ್ಲೆಯೊಳಗೇ ಸಿಗುತ್ತವೆ. ಕಾವೇರಿ ನಾಲೆಯ ನೀರುಂಡು ಭತ್ತ ಬೆಳೆಯುವ ಕೆ.ಆರ್. ನಗರ, ಮಳೆ ನಂಬಿದ ಹುಣಸೂರು ಮತ್ತು ಪಿರಿಯಾಪಟ್ಟಣ, ಜೇನುಕುರುಬರ ಮತ್ತು ಕಾಡುಕುರುಬರ ಹಾಡಿಗಳಿರುವ ಕೋಟೆ. ಭತ್ತದ ಗದ್ದೆಗಳನ್ನು ಬಿಟ್ಟರೆ ಈ ಸೀಮೆಯನ್ನು ಒಟ್ಟು ಕಟ್ಟಿದ ಬೆಳೆ ಒಂದೇ: ಹೊಗೆಸೊಪ್ಪು.

ಇಲ್ಲಿನ ಕೆಂಪು ಹಗುರ ಮಣ್ಣಿನಲ್ಲಿ ಬೆಳೆಯುವುದು ವರ್ಜೀನಿಯಾ ತಂಬಾಕು. ನಿಪ್ಪಾಣಿ ಕಡೆಯ ಬೀಡಿ ತಂಬಾಕಿನ ಜಾತಿಯೇ ಬೇರೆ. ಇಲ್ಲಿಯದು ಸಿಗರೇಟಿಗೆ ಹೋಗುವ ಎಲೆ, ಬಹುಪಾಲು ಹೊರದೇಶಕ್ಕೆ. 1975ರ ಕಾಯ್ದೆಯಿಂದ ತಂಬಾಕು ಮಂಡಳಿ ಬಂತು, 1984ರಲ್ಲಿ ಕರ್ನಾಟಕದಲ್ಲಿ ಮಂಡಳಿಯ ಹರಾಜು ಶುರುವಾಯಿತು. ಹುಣಸೂರಿನಲ್ಲಿ ತಂಬಾಕು ಸಂಶೋಧನಾ ಕೇಂದ್ರವಿದೆ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳಲ್ಲಿ ಹರಾಜು ಕಟ್ಟೆಗಳಿವೆ. ಮಳೆಯಾಶ್ರಿತ ಹೊಲದಲ್ಲಿ ನಾಲ್ಕೈದು ತಿಂಗಳಿಗೆ ಕೈಗೆ ಇಡೀ ಮೊತ್ತ ತಂದುಕೊಡುವ, ಕೊಳ್ಳುವವರು ಗೊತ್ತಿರುವ, ಬ್ಯಾಂಕು ಸಾಲ ಕೊಡುವ ಬೆಳೆ ಇನ್ನೊಂದಿಲ್ಲ. ರೈತ ಇದನ್ನು ಹಿಡಿದದ್ದರಲ್ಲಿ ತಪ್ಪೇನಿಲ್ಲ, ಸರ್ಕಾರವೇ ಕೈಹಿಡಿದು ಕಲಿಸಿದ ಬೆಳೆ ಇದು.

ಆದರೆ ಈ ಬೆಳೆ ಬೆಳೆಯುವವರ ಮೈಯ ಮೇಲೆ ಏನು ಮಾಡುತ್ತದೆ ಎಂದು ಕೇಳುವವರು ಕಡಿಮೆ. ಮೇ ತಿಂಗಳ ಮಳೆಗೆ ಸಸಿ ನೆಟ್ಟರೆ ಜುಲೈ–ಆಗಸ್ಟ್‌ನಲ್ಲಿ ಸೊಪ್ಪು ಮುರಿಯುವ ಕೆಲಸ. ಆಗ ಬಿಡದೆ ಸುರಿಯುವ ಸೋನೆ ಮಳೆ. ಒದ್ದೆ ಎಲೆಯಿಂದ ನಿಕೋಟಿನ್ ಚರ್ಮದ ಮೂಲಕವೇ ಮೈಗಿಳಿಯುತ್ತದೆ. ತಲೆಸುತ್ತು, ವಾಂತಿ, ಸುಸ್ತು, ಎದೆಬಡಿತದ ಏರುಪೇರು ಇದರ ಲಕ್ಷಣಗಳು. ವೈದ್ಯಕೀಯದಲ್ಲಿ ಇದಕ್ಕೆ ‘ಹಸಿ ತಂಬಾಕು ಕಾಯಿಲೆ’ ಎಂಬ ಹೆಸರೇ ಇದೆ. ಹೊಲದಲ್ಲಿ ಇದನ್ನು ಪಿತ್ತ ಎಂದೋ ಖಾಲಿ ಹೊಟ್ಟೆ ಎಂದೋ ಅಂದುಕೊಂಡು ನಿಂಬೆಹಣ್ಣು ಹಿಂಡಿ ಕುಡಿದು ಮತ್ತೆ ಸಾಲಿಗಿಳಿಯುತ್ತಾರೆ. ಕೈಗವಸು, ಮೈಮುಚ್ಚುವ ಅಂಗಿ ತೊಟ್ಟರೆ ಇದನ್ನು ಬಹುಮಟ್ಟಿಗೆ ತಡೆಯಬಹುದು. ಮುರಿದ ಸೊಪ್ಪನ್ನು ಕಡ್ಡಿಗೆ ಕಟ್ಟುವವರು ಹೆಚ್ಚಾಗಿ ಹೆಂಗಸರು. ಅವರ ಕೈಗೆ ಅಂಟಿದ ಕಪ್ಪು ಜಿಗುಟು ಸೋಪಿಗೂ ಬೇಗ ಬಿಡುವುದಿಲ್ಲ.

ನಂತರದ ಪಾಡು ಸೊಪ್ಪು ಒಣಗಿಸುವ ಮನೆಯಾದ ಬ್ಯಾರನ್ನಿನದು. ಕೊಳವೆಗಳಲ್ಲಿ ಬಿಸಿ ಹರಿಸಿ ಐದಾರು ದಿನ ಹಗಲೂ ರಾತ್ರಿ ಸೊಪ್ಪನ್ನು ಹದ ಮಾಡಬೇಕು. ಒಂದು ಕಿಲೋ ಸೊಪ್ಪಿಗೆ ನಾಲ್ಕೈದು ಕಿಲೋ ಸೌದೆ ಉರಿಯುತ್ತದೆ. ಕೊಳವೆಯೊಳಗಿನ ಹೊಗೆ ಸೊಪ್ಪಿಗೆ ತಾಗದಂತೆ ಬ್ಯಾರನ್ ಕಟ್ಟಿರುತ್ತಾರೆ, ಒಲೆಯ ಬಾಯಲ್ಲಿ ಕೂತವನಿಗೆ ತಾಗದಂತೆ ಕಟ್ಟಿರುವುದಿಲ್ಲ. ಶಾಖ ಏರಬಾರದು, ಇಳಿಯಬಾರದು. ಒಂದು ರಾತ್ರಿ ಕಣ್ಣು ಮುಚ್ಚಿದರೆ ವರ್ಷದ ದುಡಿಮೆಯ ಗ್ರೇಡ್ ಬಿದ್ದುಹೋಗುತ್ತದೆ. ಹಾಗಾಗಿ ನಿದ್ದೆಗೆಟ್ಟು ಕಾಯುತ್ತಾರೆ, ಕಾಯಲು ಟೀ, ಟೀ ಜೊತೆ ಬೀಡಿ. ಸೆಪ್ಟೆಂಬರ್ ಹೊತ್ತಿಗೆ ಹರಾಜು ತೆರೆಯುವವರೆಗೂ ಸಾಲದ ಹಣದಲ್ಲೇ ಮನೆ ನಡೆಯಬೇಕು. ಬೆಲೆ ಎಷ್ಟು ಸಿಗುತ್ತದೋ, ಬೇಲ್ ತಿರಸ್ಕಾರವಾಗುತ್ತದೋ ಎಂಬ ಚಿಂತೆ ಬೇರೆ. ನಿದ್ದೆಗೇಡು, ಸೌದೆ ಹೊಗೆ, ಬೀಡಿ, ಸಾಲದ ಚಿಂತೆ ಇವೆಲ್ಲವೂ ಹೃದ್ರೋಗ ತಜ್ಞರ ಪಟ್ಟಿಯಲ್ಲಿ ಬಿಡಿಬಿಡಿಯಾಗಿ ಇರುವ ಅಪಾಯಗಳು. ಈ ಮೂರು ತಿಂಗಳಲ್ಲಿ ಅವು ಒಬ್ಬನ ಮೇಲೇ ಒಟ್ಟಿಗೆ ಬೀಳುತ್ತವೆ.

ತಂಬಾಕಿನ ಬಗ್ಗೆ ಅನುಮಾನಕ್ಕೆ ಎಡೆಯೇ ಇಲ್ಲದಷ್ಟು ಸಾಕ್ಷ್ಯವಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ ಕೆನಡಾದಲ್ಲಿ ನೆಲೆಸಿದ ಸಲೀಂ ಯೂಸುಫ್ ಅವರ ಮುಂದಾಳುತನದಲ್ಲಿ 52 ದೇಶಗಳಲ್ಲಿ ‘ಇಂಟರ್‌ಹಾರ್ಟ್’ ಎಂಬ ಅಧ್ಯಯನ ನಡೆಯಿತು. ಮೊದಲ ಹೃದಯಾಘಾತವಾದ ಸುಮಾರು ಹದಿನೈದು ಸಾವಿರ ಮಂದಿಯನ್ನು ಅಷ್ಟೇ ಸಂಖ್ಯೆಯ ಆರೋಗ್ಯವಂತರೊಂದಿಗೆ ಹೋಲಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ರಕ್ತದ ಕೊಬ್ಬಿನ ಏರುಪೇರು, ಹೊಗೆಸೇವನೆ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು–ತರಕಾರಿಯ ಕೊರತೆ, ಮೈಗೆ ವ್ಯಾಯಾಮವಿಲ್ಲದಿರುವುದು, ಮದ್ಯಕ್ಕೆ ಸಂಬಂಧಿಸಿದ ಅಭ್ಯಾಸ — ಈ ಒಂಬತ್ತೇ ಸಂಗತಿಗಳು ಗಂಡಸರಲ್ಲಿ ಶೇ 90, ಹೆಂಗಸರಲ್ಲಿ ಶೇ 94ರಷ್ಟು ಅಪಾಯವನ್ನು ವಿವರಿಸುತ್ತವೆ ಎಂದು ಅದು ತೋರಿಸಿತು. ಹೃದಯಾಘಾತ ಹಣೆಬರಹ ಎನ್ನುವವರಿಗೆ ಇದು ಉತ್ತರ. ಇದೇ ಅಧ್ಯಯನದ 2007ರ ವರದಿಯಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬರುವ ಮಧ್ಯಾಂಕ ವಯಸ್ಸು 53. ಉಳಿದ ದೇಶಗಳಲ್ಲಿ 59. ನಮಗೆ ಆರು ವರ್ಷ ಮುಂಚೆ, ಮಕ್ಕಳ ಓದು ಮದುವೆ ಮುಗಿಯುವ ಮೊದಲೇ. ಅಳತೆಯಲ್ಲಿ ಕುಡಿದರೆ ಹೃದಯಕ್ಕೆ ಒಳ್ಳೆಯದು ಎಂಬ ಮಾತು ಬೇರೆ ಕಡೆ ಕೇಳಿಬಂದರೂ ದಕ್ಷಿಣ ಏಷ್ಯಾದವರಲ್ಲಿ ಮದ್ಯದಿಂದ ಅಂಥ ರಕ್ಷಣೆ ಏನೂ ಕಾಣಲಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು.

ತಂಬಾಕಿಗೇ ಮೀಸಲಾದ ಭಾಗ 2006ರಲ್ಲಿ ಬಂತು. ಬೀಡಿ ಸೇದುವವರಲ್ಲಿ ಹೃದಯಾಘಾತದ ಸಂಭವ ಸೇದದವರಿಗಿಂತ ಸುಮಾರು 2.9 ಪಟ್ಟು. ಹೊಗೆಸೊಪ್ಪು ಅಗಿಯುವವರಲ್ಲಿ 2.2 ಪಟ್ಟು. ಸೇದುವುದೂ ಉಂಟು, ಅಗಿಯುವುದೂ ಉಂಟು ಎನ್ನುವವರಲ್ಲಿ ನಾಲ್ಕು ಪಟ್ಟು. ನಮ್ಮ ಕಡೆ ಈ ಎರಡನೆಯ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಹಚ್ಚಬೇಕಾಗಿದೆ. 2016–17ರ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 22.8 ಮಂದಿ ತಂಬಾಕು ಬಳಸುತ್ತಿದ್ದರು. ಸೇದುವವರು ಶೇ 8.8, ಅಗಿಯುವವರು ಶೇ 16.3. ಎಲೆಅಡಿಕೆಗೆ ಕಡ್ಡಿಪುಡಿ ಸೇರಿಸಿಕೊಂಡು ದವಡೆಯಲ್ಲಿ ಒತ್ತಿಟ್ಟುಕೊಳ್ಳುವ ಅಜ್ಜಿಗೆ ‘ನೀವು ತಂಬಾಕು ಬಳಸ್ತೀರಾ?’ ಎಂದು ಕೇಳಿದರೆ ‘ಇಲ್ಲಪ್ಪ’ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಅವರ ಲೆಕ್ಕದಲ್ಲಿ ತಂಬಾಕು ಗಂಡಸರು ಸೇದುವ ವಸ್ತು. ಬಾಯಿ ಕ್ಯಾನ್ಸರಿನ ಭಯಾನಕ ಚಿತ್ರ ಪೊಟ್ಟಣದ ಮೇಲೆ ಎಲ್ಲರೂ ನೋಡಿದ್ದಾರೆ, ಅಗಿದದ್ದು ಎದೆಗೂ ಇಳಿಯುತ್ತದೆಂದು ಬಹಳ ಜನಕ್ಕೆ ಯಾರೂ ಹೇಳಿಲ್ಲ. ನಲವತ್ತು ದಾಟದೆ ಹೃದ್ರೋಗಿಗಳಾದವರ ದಾಖಲೆಯನ್ನು ಜಯದೇವ ಸಂಸ್ಥೆ 2017ರಿಂದ ಇಡುತ್ತಿದೆ. ಅಲ್ಲಿ ಕಾಣುವ ಅಪಾಯಗಳಲ್ಲಿ ತಂಬಾಕಿನದೇ ಮುಂದಿನ ಸಾಲು. ಬಿಟ್ಟರೆ ಫಲವುಂಟು: ಸೇದುವುದನ್ನು ನಿಲ್ಲಿಸಿದ ಒಂದು ವರ್ಷದಲ್ಲಿ ಹೃದ್ರೋಗದ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಆದರೆ ತಂಬಾಕೊಂದನ್ನೇ ಹಿಡಿದು ಕೂತರೆ ಕಥೆ ಪೂರ್ತಿಯಾಗುವುದಿಲ್ಲ. ಬೀಡಿ ಮುಟ್ಟದವರೂ ಸಾಯುತ್ತಿದ್ದಾರೆ. ಅದಕ್ಕೆ ಇನ್ನೊಂದು ಕಾರಣ ಹುಡುಕಿದವರು ಮೈಸೂರಿನ ಒಂದು ಹಳೆಯ ಹೆರಿಗೆ ದಾಖಲೆಯನ್ನು ತೆರೆದರು.

ಮೈಸೂರಿನ ಜನ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತಿದ್ದರು. ಯಾವ ಸಂಶೋಧನೆಯ ಉದ್ದೇಶವೂ ಇಲ್ಲದೆ, ಕೇವಲ ಶಿಸ್ತಿನಿಂದ. ಇಂಗ್ಲೆಂಡಿನಲ್ಲಿ ಡೇವಿಡ್ ಬಾರ್ಕರ್, ಹುಟ್ಟುವಾಗ ಕಡಿಮೆ ತೂಕವಿದ್ದವರಿಗೆ ಮುಂದೆ ಹೃದ್ರೋಗ ಹೆಚ್ಚು ಎಂದು ಹೇಳಿದ್ದರು. ಅದು ಭಾರತಕ್ಕೂ ಹೊಂದುತ್ತದೆಯೇ ಎಂದು ನೋಡಲು ಸೌತಾಂಪ್ಟನ್ನಿನ ಕರೋಲಿನ್ ಫಾಲ್ ಮತ್ತು ಸಂಗಡಿಗರು ಮೈಸೂರಿನ ಈ ದಾಖಲೆಗಳನ್ನು ಹಿಡಿದು, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಇನ್ನೂ ಆಸುಪಾಸಿನಲ್ಲೇ ಇದ್ದ 517 ಮಂದಿಯನ್ನು ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಗಂಡಸರಲ್ಲಿ ಶೇ 9, ಹೆಂಗಸರಲ್ಲಿ ಶೇ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ಇದ್ದು, ಬಸುರಿನಲ್ಲಿ ತಾಯಿಯ ತೂಕ 45 ಕಿಲೋಗಿಂತ ಕಡಿಮೆ ಇದ್ದವರಲ್ಲಿ ಶೇ 20. ಅಂದರೆ ಐವರಲ್ಲಿ ಒಬ್ಬರು. ತಾಯಿ ಸೊರಗಿದ್ದ ಮನೆಯಲ್ಲಿ ಮಗುವಿನ ಹೃದಯಕ್ಕೆ ಐವತ್ತು ವರ್ಷದ ನಂತರ ಬರುವ ಕಾಯಿಲೆಯ ಬೇರು ಇದ್ದಿತು.

ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಇನ್ನೊಂದು ಅಧ್ಯಯನ ಆರಂಭವಾಯಿತು. ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಅಂದಿನ ಬಸುರಿಯರ ಮಕ್ಕಳನ್ನು ದೊಡ್ಡವರಾಗುವವರೆಗೂ ಹಿಂಬಾಲಿಸಿದರು. ಪಾರ್ಥೆನಾನ್ ಅಧ್ಯಯನ ಎಂದು ಅದರ ಹೆಸರು. ಪರೀಕ್ಷೆಗೊಳಗಾದ 830 ಬಸುರಿಯರಲ್ಲಿ ಶೇ 6ಕ್ಕೂ ಮಿಕ್ಕು ಮಂದಿಗೆ ಬಸುರಿನ ಸಕ್ಕರೆ ಕಾಯಿಲೆ ಇತ್ತು, ಶೇ 43 ಮಂದಿಗೆ ಬಿ–12 ಜೀವಸತ್ವದ ಕೊರತೆ. ಅವರ ಕೂಸುಗಳು ಇಂಗ್ಲೆಂಡಿನ ಕೂಸುಗಳಿಗಿಂತ ಚಿಕ್ಕವು, ತೋಳು ತೊಡೆ ಸಣ್ಣ. ಆದರೆ ಬೆನ್ನ ಮೇಲಿನ ಕೊಬ್ಬಿನ ಪದರ ಮಾತ್ರ ಅಷ್ಟಾಗಿ ಕಡಿಮೆ ಇರಲಿಲ್ಲ. ಸ್ನಾಯು ಕಡಿಮೆ, ನಡುಭಾಗದ ಕೊಬ್ಬು ಹೆಚ್ಚು ಎನ್ನುವ ನಮ್ಮ ಮೈಕಟ್ಟು ಹುಟ್ಟಿನಿಂದಲೇ ಬಂದದ್ದು ಎಂದು ಇದರಿಂದ ತಿಳಿಯಿತು. ತಾಯಿಗೆ ಸಕ್ಕರೆ ಕಾಯಿಲೆ ಇದ್ದ ಮಕ್ಕಳಲ್ಲಿ ಹತ್ತು ವರ್ಷ ತುಂಬುವ ಹೊತ್ತಿಗೇ ಹೃದ್ರೋಗದ ಮುನ್ಸೂಚನೆಗಳು ಹೆಚ್ಚು ಕಂಡವು.

ಈ ಎರಡು ಅಧ್ಯಯನಗಳನ್ನು ಈ ಸೀಮೆಯ ಪ್ರತಿ ಅಂಗನವಾಡಿಯ ಗೋಡೆಗೆ ತೂಗುಹಾಕಬೇಕು ಎಂದು ನನ್ನ ಆಸೆ. ಎಚ್.ಡಿ. ಕೋಟೆಯ ಹಾಡಿಯಲ್ಲಿ ರಕ್ತಹೀನತೆಯ ಹುಡುಗಿಯೊಬ್ಬಳಿಗೆ ಹದಿನೆಂಟಕ್ಕೇ ಮದುವೆಯಾಗಿ, ಬಸುರಿನ ಏಳನೇ ತಿಂಗಳಲ್ಲೂ ಸೊಪ್ಪು ಕಟ್ಟಲು ಹೋಗುವಂತಾದರೆ, ಅದು ಹೆರಿಗೆ ವಾರ್ಡಿನ ಚಿಂತೆ ಮಾತ್ರವಲ್ಲ. 2070ರ ಹೃದ್ರೋಗ ವಾರ್ಡಿನ ಚಿಂತೆಯೂ ಹೌದು. ನಾಗರಹೊಳೆಯ ಕಾಡಿನಿಂದ ಹೊರಬಂದ ಕುಟುಂಬಗಳಲ್ಲಿ ಗೆಡ್ಡೆಗೆಣಸು, ಕಾಡುಸೊಪ್ಪು, ಜೇನು ಹಿಂದೆ ಸರಿದು ಪಡಿತರದ ಅಕ್ಕಿ ತಟ್ಟೆಯ ನಡುವೆ ಬಂದಿದೆ. ಹಸಿವು ತಣಿಸಿದ ಅಕ್ಕಿಯನ್ನು ನಾನು ಹಳಿಯಲಾರೆ. ಬೇಳೆ, ಮೊಟ್ಟೆ, ಸೊಪ್ಪು ಅದರ ಜೊತೆ ಬರಬೇಕಿತ್ತು, ಬೇಕಾದಷ್ಟು ಬರಲಿಲ್ಲ. 1984ರಿಂದ ಈ ಹಾಡಿಗಳ ನಡುವೆ ಕೆಲಸ ಮಾಡುತ್ತಿರುವ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸರಗೂರಿನಲ್ಲಿ ಆಸ್ಪತ್ರೆ ನಡೆಸುತ್ತಿದೆ. ಅಂಥದೊಂದು ಆಸ್ಪತ್ರೆ ಹತ್ತಿರ ಇರುವುದೂ ಇಲ್ಲದಿರುವುದೂ ಎರಡು ಬೇರೆ ಬದುಕು.

ಊಟದ ಮಾತಿಗೆ ಬಂದರೆ ಎರಡು ನಂಬಿಕೆಗಳನ್ನು ಸ್ವಲ್ಪ ಅಲುಗಾಡಿಸಬೇಕು. ‘ಮುದ್ದೆ ಉಣ್ಣೋರಿಗೆ ಶುಗರ್ ಬರಲ್ಲ’ ಎನ್ನುವುದು ಒಂದು. ರಾಗಿ ಒಳ್ಳೆಯದೇ, ಬಿಳಿ ಅಕ್ಕಿಗಿಂತ ನಾರು ಹೆಚ್ಚು, ಸುಣ್ಣದ ಅಂಶ ಬಹಳ ಹೆಚ್ಚು. ಆದರೆ ನುಣ್ಣಗೆ ಬೀಸಿದ ಹಿಟ್ಟಿನ ಎರಡು ದೊಡ್ಡ ಮುದ್ದೆ ಉಂಡು ಮೇಲೆ ಅನ್ನ ಬಡಿಸಿಕೊಂಡರೆ ರಕ್ತಕ್ಕೆ ಸೇರುವ ಸಕ್ಕರೆ ಕಡಿಮೆಯೇನಲ್ಲ. ಉಪ್ಸಾರು, ಬಸ್ಸಾರಿನ ಸೊಪ್ಪು–ಕಾಳು ಹೃದಯಕ್ಕೆ ಹಿತವಾದದ್ದು, ಉಪ್ಪು ಮಾತ್ರ ಕೈ ಹಿಡಿದು ಹಾಕಬೇಕು. ದಿನಕ್ಕೆ ಒಬ್ಬರಿಗೆ ಐದು ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಹೆಚ್ಚು ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಸಂಜೆಯ ಪೊಟ್ಟಣದ ತಿಂಡಿ ಸೇರಿದರೆ ನಾವು ಅದನ್ನು ಎಲ್ಲೋ ಮೀರಿರುತ್ತೇವೆ. ಒಂದು ಕಾಲಕ್ಕೆ ಮನೆಮನೆಯಲ್ಲಿದ್ದ ಹುಚ್ಚೆಳ್ಳೆಣ್ಣೆ, ಕಡಲೆಕಾಯಿ ಎಣ್ಣೆಯ ಜಾಗಕ್ಕೆ ಅಗ್ಗದ ಪಾಮೊಲಿನ್ ಬಂತು, ಬೋಂಡಾ ಅಂಗಡಿಯ ಬಾಣಲೆಯಲ್ಲಿ ಅದೇ ಎಣ್ಣೆ ದಿನಗಟ್ಟಲೆ ಕಾಯುತ್ತದೆ.

ಎರಡನೆಯ ನಂಬಿಕೆ, ಮೈಬಗ್ಗಿಸಿ ದುಡಿಯುವವನಿಗೆ ಹೃದಯದ ಕಾಯಿಲೆ ಬರುವುದಿಲ್ಲ ಎಂಬುದು. ದುಡಿಮೆ ಕಾಯುವುದು ನಿಜ. ಆದರೆ ಉಳುಮೆ ಟ್ರ್ಯಾಕ್ಟರಿಗೆ, ಸಂತೆಯ ದಾರಿ ಬೈಕಿಗೆ ಹೋದ ಮೇಲೆ ನಲವತ್ತೈದರ ರೈತನ ಹೊಟ್ಟೆ ಮುಂದೆ ಬಂದಿದೆ. ದುಡಿದು ತೆಳ್ಳಗಿರುವವನಿಗೂ ಬಿಪಿ ಇರಬಾರದೆಂದೇನಿಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ದೇಶದಲ್ಲಿ 10.1 ಕೋಟಿ ಮಂದಿಗೆ ಸಕ್ಕರೆ ಕಾಯಿಲೆ ಇದೆಯೆಂದು ಅಂದಾಜಿಸಿತು: ನಗರದಲ್ಲಿ ಶೇ 16.4, ಹಳ್ಳಿಯಲ್ಲಿ ಶೇ 8.9. ಇಷ್ಟು ಓದಿ ಹಳ್ಳಿ ಪಾರು ಎನ್ನುವ ಹಾಗಿಲ್ಲ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತವರ ಲೆಕ್ಕದಲ್ಲಿ ನಗರಕ್ಕೂ ಹಳ್ಳಿಗೂ ವ್ಯತ್ಯಾಸವೇ ಇಲ್ಲ, ಎರಡೂ ಕಡೆ ಶೇ 15ರ ಆಸುಪಾಸು. ರಕ್ತದೊತ್ತಡವಂತೂ ಅದೇ ಸಮೀಕ್ಷೆಯಲ್ಲಿ ಶೇ 35.5, ಮೂವರು ವಯಸ್ಕರಲ್ಲಿ ಒಬ್ಬರಿಗಿಂತ ಹೆಚ್ಚು.

ಇಷ್ಟರ ಮೇಲೂ ಈ ಸೀಮೆಯಂಥ ಕಡೆ ಅತ್ಯಂತ ದೊಡ್ಡ ಅಪಾಯ ಇದ್ಯಾವುದೂ ಅಲ್ಲ ಎಂದು ನಾನು ನಂಬುತ್ತೇನೆ. ಹಾಗೆ ನಂಬಲು ಕಾರಣ ಸಲೀಂ ಯೂಸುಫ್ ತಂಡದ್ದೇ ಇನ್ನೊಂದು ಅಧ್ಯಯನ, ‘ಪ್ಯೂರ್’. ನಮ್ಮ ದೇಶವೂ ಅದರಲ್ಲಿ ಸೇರಿತ್ತು. 17 ದೇಶಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಹಿಂಬಾಲಿಸಿ 2014ರಲ್ಲಿ ಬಂದ ಅದರ ವರದಿ ಬಹಳ ಮಂದಿಯ ತಿಳಿವಳಿಕೆಯನ್ನು ತಲೆಕೆಳಗು ಮಾಡಿತು. ಹೃದ್ರೋಗದ ಅಪಾಯಕಾರಿ ಅಂಶಗಳನ್ನೆಲ್ಲ ಕೂಡಿಸಿ ಅಂಕ ಹಾಕಿದರೆ ಶ್ರೀಮಂತ ದೇಶಗಳ ಅಂಕ ಅತಿ ಹೆಚ್ಚು, ಬಡ ದೇಶಗಳದು ಅತಿ ಕಡಿಮೆ. ಆದರೆ ಹೃದಯಾಘಾತ, ಪಾರ್ಶ್ವವಾಯು, ಸಾವಿನಂಥ ದೊಡ್ಡ ಘಟನೆಗಳು ವರ್ಷಕ್ಕೆ ಸಾವಿರ ಜನರಲ್ಲಿ ಶ್ರೀಮಂತ ದೇಶಗಳಲ್ಲಿ 3.99, ಬಡ ದೇಶಗಳಲ್ಲಿ 6.43. ಘಟನೆ ಆದವರಲ್ಲಿ ಸತ್ತವರು ಅಲ್ಲಿ ಶೇ 6.5, ಇಲ್ಲಿ ಶೇ 17.3. ಅಪಾಯ ಕಡಿಮೆ ಇದ್ದವರೇ ಹೆಚ್ಚು ಸಾಯುತ್ತಿದ್ದಾರೆ. ಇದಕ್ಕೆ ಬಹುಪಾಲು ಉತ್ತರ ಅದೇ ತಂಡದ 2011ರ ವರದಿಯಲ್ಲಿದೆ. ಒಮ್ಮೆ ಹೃದಯಾಘಾತವೋ ಪಾರ್ಶ್ವವಾಯುವೋ ಆಗಿ ಬದುಕಿದವರು ಕೊನೆಯವರೆಗೆ ನುಂಗಬೇಕಾದ ನಾಲ್ಕು ಬಗೆಯ ಮಾತ್ರೆಗಳಲ್ಲಿ ಒಂದನ್ನೂ ನುಂಗದವರು ಶ್ರೀಮಂತ ದೇಶಗಳಲ್ಲಿ ಶೇ 11, ಭಾರತವೂ ಸೇರಿದ್ದ ಬಡ ದೇಶಗಳ ಗುಂಪಿನಲ್ಲಿ ಶೇ 80. ಇವೇನು ದುಬಾರಿ ಹೊಸ ಔಷಧಗಳಲ್ಲ. ಆಸ್ಪಿರಿನ್, ಎರಡು ಬಗೆಯ ಬಿಪಿ ಮಾತ್ರೆ, ಕೊಲೆಸ್ಟರಾಲ್ ಮಾತ್ರೆ.

‘ಬದಲಾದ ಜೀವನಶೈಲಿ’ ಎಂದು ಭಾಷಣಗಳಲ್ಲಿ ಕೇಳಿ ಕೇಳಿ ನಮಗೆ ಸಾಕಾಗಿದೆ. ಆ ಮಾತು ತಪ್ಪಿನ ಹೊರೆಯನ್ನು ರೋಗಿಯ ಹೆಗಲಿಗೇ ಹೊರಿಸುತ್ತದೆ. ಪಿರಿಯಾಪಟ್ಟಣದ ಕೂಲಿಯವನಿಗೆ ಬಿಪಿ ಇದೆಯೆಂದು ಯಾರೂ ಅಳೆದು ಹೇಳಲಿಲ್ಲ. ಹೇಳಿದರೂ ತಿಂಗಳ ಮಾತ್ರೆ ತರಲು ಒಂದು ದಿನದ ಕೂಲಿ ಬಿಟ್ಟು ಹೋಗಬೇಕು. ಹೋದ ದಿನ ಮಾತ್ರೆ ಮುಗಿದಿರುತ್ತದೆ. ‘ತಲೆನೋವು ಇಲ್ವಲ್ಲ, ಈಗ ಸರಿಹೋಯ್ತು’ ಎಂದು ಮೂರನೇ ತಿಂಗಳಿಗೆ ಅವನೇ ನಿಲ್ಲಿಸುತ್ತಾನೆ. ಇದರಲ್ಲಿ ಜೀವನಶೈಲಿ ಎಷ್ಟು? 21 ದೇಶಗಳ ಪ್ಯೂರ್ ಮಾಹಿತಿಯನ್ನು ಮತ್ತೆ ಜಾಲಾಡಿ 2019ರಲ್ಲಿ ಬರೆದಾಗ, ಎಲ್ಲಕ್ಕಿಂತ ದೊಡ್ಡ ಪಾಲು ರಕ್ತದೊತ್ತಡದ್ದೆಂದು ಕಂಡಿತು. ಬಡ ದೇಶಗಳಲ್ಲಿ ಕಡಿಮೆ ಓದು, ಮನೆಯೊಳಗಿನ ಒಲೆ ಹೊಗೆ, ಪೌಷ್ಟಿಕವಲ್ಲದ ಊಟ ಕೂಡ ಹೆಚ್ಚು ಹಾನಿ ಮಾಡುತ್ತವೆಂದೂ ತಿಳಿಯಿತು. ಓದಿಲ್ಲದ್ದೂ ಹೃದಯಕ್ಕೆ ಅಪಾಯ ಎಂಬುದನ್ನು ನಮ್ಮ ಆರೋಗ್ಯ ಇಲಾಖೆಯ ಭಿತ್ತಿಪತ್ರಗಳಲ್ಲಿ ನಾನು ಕಂಡಿಲ್ಲ.

   

ಎದೆನೋವು ಬಂದ ಹೊತ್ತಿನ ಮಾತು ಇನ್ನೂ ಕಠಿಣ. ಹುಣಸೂರಿನಿಂದ ಮೈಸೂರಿಗೆ ಸುಮಾರು 45 ಕಿ.ಮೀ., ಪಿರಿಯಾಪಟ್ಟಣದಿಂದ 70ರ ಹತ್ತಿರ, ಕೋಟೆಯಿಂದ 50. ಕಾಡಂಚಿನ ಹಾಡಿಯಿಂದ ಕೋಟೆಗೆ ಬರುವುದೇ ಒಂದು ಪ್ರಯಾಣ. ರಕ್ತನಾಳದಲ್ಲಿ ಹೆಪ್ಪು ಕಟ್ಟಿದ ಮೇಲೆ ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಿರುತ್ತದೆ. ಮೊದಲ ಒಂದೆರಡು ಗಂಟೆಯಲ್ಲಿ ಹೆಪ್ಪು ಕರಗಿಸಿದರೆ ಉಳಿಯುವಷ್ಟು ಆರನೇ ಗಂಟೆಯಲ್ಲಿ ಉಳಿಯುವುದಿಲ್ಲ. ಈ ಗಂಟೆಗಳನ್ನು ನಮ್ಮ ಕಡೆ ನುಂಗುವುದು ದೂರವೊಂದೇ ಅಲ್ಲ. ‘ಗ್ಯಾಸ್ಟ್ರಿಕ್ ಇರ್ಬೇಕು ಬಿಡು’ ಎಂದು ಸೋಡಾ ಕುಡಿದು, ಜೀರಿಗೆ ಅಗಿದು, ಮೆಡಿಕಲ್ ಸ್ಟೋರಿನ ಮಾತ್ರೆ ನುಂಗಿ ಮಲಗುತ್ತಾರೆ. ಹೆಂಗಸರಂತೂ ಮನೆಯ ಎಲ್ಲರ ಊಟ ಮುಗಿಯುವವರೆಗೆ ಹೇಳುವುದೇ ಇಲ್ಲ. ಅವರಿಗೆ ಎಷ್ಟೋ ಸಲ ಎದೆನೋವಿಗಿಂತ ಉಸಿರುಗಟ್ಟುವಿಕೆ, ವಿಪರೀತ ಸುಸ್ತು, ಬೆವರು, ವಾಕರಿಕೆ ಮುಂದಾಗಿ ಬರುತ್ತವೆ, ಅವನ್ನು ಯಾರೂ ಹೃದಯದ್ದೆಂದು ಎಣಿಸುವುದಿಲ್ಲ.

ಈ ವಿಷಯದಲ್ಲಿ ಕರ್ನಾಟಕ ಒಂದು ಒಳ್ಳೆಯ ಹೆಜ್ಜೆ ಇಟ್ಟಿದೆ. 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೆ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ‘ಹೃದಯ ಜ್ಯೋತಿ’ ಯೋಜನೆ ಬಂದಿದೆ. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಅದನ್ನು ಜಯದೇವದಂಥ ದೊಡ್ಡ ಕೇಂದ್ರದ ತಜ್ಞರು ಕೆಲವೇ ನಿಮಿಷಗಳಲ್ಲಿ ನೋಡಿ, ಹೃದಯಾಘಾತವೆಂದು ಖಚಿತವಾದರೆ ಟೆನೆಕ್ಟೆಪ್ಲೇಸ್ ಎಂಬ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಟ್ಟು ಆಮೇಲೆ ದೊಡ್ಡಾಸ್ಪತ್ರೆಗೆ ಕಳಿಸುವ ವ್ಯವಸ್ಥೆ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿಯ ಮದ್ದು ಅದು. ಮೂವತ್ತು ದಾಟಿದವರ ಬಿಪಿ, ಶುಗರ್ ಅನ್ನು ಮನೆಬಾಗಿಲಲ್ಲೇ ನೋಡುವ ‘ಗೃಹ ಆರೋಗ್ಯ’ ಯೋಜನೆಯೂ ಶುರುವಾಗಿದೆ. ಎರಡೂ ಸರಿಯಾದ ದಾರಿ. ಆದರೆ ಅಳೆದು ಬರೆದುಕೊಂಡು ಹೋದರೆ ಸಾಲದು. ಮಾತ್ರೆಯೂ ಅದೇ ಬಾಗಿಲಿಗೆ ತಿಂಗಳು ತಿಂಗಳು ತಪ್ಪದೆ ಬರಬೇಕು. ಈ ಕೆಲಸ ಆಶಾ ಕಾರ್ಯಕರ್ತೆಯರಿಂದ ಆಗುತ್ತದೆ. ಅವರಿಗೆ ಅದಕ್ಕೆ ತಕ್ಕ ಸಂಬಳ ಕೊಟ್ಟರೆ ಮಾತ್ರ.

ತಂಬಾಕು ಮಂಡಳಿಯನ್ನೂ ಹೊರಗಿಡಲಾಗದು. ಸೆಪ್ಟೆಂಬರ್‌ನಿಂದ ತಿಂಗಳುಗಟ್ಟಲೆ ನಾಲ್ಕು ತಾಲ್ಲೂಕುಗಳ ಬೆಳೆಗಾರರೆಲ್ಲ ತಾವಾಗಿಯೇ ಹರಾಜು ಕಟ್ಟೆಗೆ ಬರುತ್ತಾರೆ, ಬೇಲ್ ಸರದಿ ಬರುವವರೆಗೆ ಗಂಟೆಗಟ್ಟಲೆ ಕಾಯುತ್ತಾರೆ. ಅಲ್ಲೊಂದು ಬಿಪಿ ಯಂತ್ರ, ಶುಗರ್ ಪಟ್ಟಿ, ಒಬ್ಬ ನರ್ಸ್, ತಂಬಾಕು ಬಿಡಲು ನೆರವಾಗುವ ಒಬ್ಬ ಸಲಹೆಗಾರ ಇದ್ದರೆ ಆರೋಗ್ಯ ಶಿಬಿರಕ್ಕೆ ಜನ ಸೇರಿಸುವ ಕಷ್ಟವೇ ಇಲ್ಲ. ಮುಂಗಾರಿನಲ್ಲಿ ಗೊಬ್ಬರ ಕೊಡುವಾಗ ಸೊಪ್ಪು ಮುರಿಯುವವರಿಗೆ ಕೈಗವಸನ್ನೂ ಕೊಡಬಹುದು. ಇನ್ನು ಬೆಳೆ ಬದಲಾವಣೆಯ ಮಾತು: 2003ರಲ್ಲಿ ಭಾರತ ಸಹಿ ಹಾಕಿ 2004ರಲ್ಲಿ ಅನುಮೋದಿಸಿದ ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದದ 17ನೇ ವಿಧಿ, ಬೆಳೆಗಾರರಿಗೆ ಬದುಕಲು ಬೇರೆ ದಾರಿ ಮಾಡಿಕೊಡುವ ಹೊಣೆಯನ್ನು ಸರ್ಕಾರದ ಮೇಲಿಟ್ಟಿದೆ. ಹರಾಜು ಕಟ್ಟೆ, ಗೊತ್ತಿರುವ ಕೊಳ್ಳುವವರು, ಸಾಲ ಮೂರನ್ನೂ ತಂಬಾಕಿಗೆ ಕೊಟ್ಟು ಹುರುಳಿ, ಅವರೆಗೆ ಬರೀ ಉಪದೇಶ ಕೊಟ್ಟರೆ ಯಾವ ರೈತನೂ ಬ್ಯಾರನ್ ಕೆಡವುವುದಿಲ್ಲ. ತಂಬಾಕಿನ ತೆರಿಗೆಯ ಒಂದು ಪಾಲು ಈ ನಾಲ್ಕು ತಾಲ್ಲೂಕುಗಳಿಗೇ ಮರಳಿ ಬಂದು, ಬೆಳೆ ಬದಲಿಸುವವರ ಮೊದಲ ಮೂರ್ನಾಲ್ಕು ವರ್ಷದ ನಷ್ಟ ತುಂಬಬೇಕು.

ಅದು ಆಗುವವರೆಗೆ ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ. ಮೂವತ್ತು ದಾಟಿದ್ದರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ನೋಡಿಸಿಕೊಳ್ಳಿ, ನಿಮ್ಮ ಹೊಲಕ್ಕೆ ಕೂಲಿಗೆ ಬರುವವರನ್ನೂ ಕರೆದುಕೊಂಡು ಹೋಗಿ. ಮಾತ್ರೆ ಬರೆದುಕೊಟ್ಟಿದ್ದರೆ ವೈದ್ಯರು ಹೇಳದೆ ನಿಲ್ಲಿಸಬೇಡಿ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಹೃದಯ ಜ್ಯೋತಿಯ ಇಸಿಜಿ ಯಂತ್ರ ನಡೆಯುತ್ತಿದೆಯೇ, ಟೆನೆಕ್ಟೆಪ್ಲೇಸ್ ದಾಸ್ತಾನಿದೆಯೇ ಎಂದು ಈ ವಾರವೇ ಹೋಗಿ ಕೇಳಿ, ಇಲ್ಲವೆಂದರೆ ನಿಮ್ಮ ಶಾಸಕರನ್ನು ಕೇಳಿ. ಎದೆ ಹಿಡಿದಂತಾಗಿ ಬೆವರು ಕಿತ್ತುಬಂದರೆ ಗ್ಯಾಸ್ಟ್ರಿಕ್ ಎಂದು ಕಾಯದೆ 108ಕ್ಕೆ ಕರೆ ಮಾಡಿ.